ಅತ್ತಿಗೆ ಹುಡುಕುತ್ತಿದ್ದ ಒಗೆಯುವ ಕಲ್ಲು

"ಅಮ್ಮಾ, ಅತ್ತೆ ರಾಜರ ಕಾಲಕ್ಕೆ ಹೋದ್ರೆ ರಾತ್ರಿ ಎಲ್ಲಿ ಮಲಗ್ತಾರೆ?"

ಮಗಳು ಇದನ್ನು ಕೇಳಿದ್ದು ಬಸ್ಸಿನಲ್ಲಿ, ನನ್ನ ತೊಡೆಯ ಮೇಲೆ ಕೂತು, ಬನ್ನಿನ ಚೂರನ್ನೆಲ್ಲ ನನ್ನ ಮೇಲೆ ಉದುರಿಸುತ್ತ. ಅವಳು ಅತ್ತೆ ಅನ್ನುವುದು ನನ್ನ ಗಂಡನ ಅಕ್ಕನನ್ನು. ನನಗೆ ಅತ್ತಿಗೆ. ಕಿಟಕಿ ಪಕ್ಕ ಕೂತಿದ್ದ ಅತ್ತಿಗೆ ನನಗೆ ಬಾಯಿ ತೆರೆಯಲೂ ಬಿಡಲಿಲ್ಲ.

"ಎಲ್ಲಾದ್ರೂ ಒಂದು ಮೂಲೆ ಸಿಗುತ್ತೆ ಬಿಡೇ ಪುಟ್ಟಿ. ಎರಡೇ ರಾತ್ರಿ ತಾನೇ? ನನಗೆ ರಜೆ ಕೊಡೋದೇ ಅಷ್ಟು."

"ಮತ್ತೆ ಊಟ?"

"ಬ್ರೆಡ್ಡು, ಬಾಳೆಹಣ್ಣು ಇಲ್ಲಿಂದ್ಲೇ ಕಟ್ಕೊಂಡು ಹೋಗೋದು. ರಾಜರ ಮನೆ ಊಟ ನಮ್ಮಂಥೋರಿಗೆಲ್ಲಿ ಹಾಕ್ತಾರೆ?"

ಹಿಂದಿನ ಕಾಲಕ್ಕೆ ಹೋಗುವ ಕನಸನ್ನು ಎಷ್ಟೋ ಜನ ಕಾಣುತ್ತಾರೆ. ಅಲ್ಲಿಗೂ ಬುತ್ತಿ ಕಟ್ಟಿಕೊಂಡು, ಕಡಿಮೆ ಖರ್ಚಿನಲ್ಲಿ, ರಜೆ ಮುಗಿಯುವುದರೊಳಗೆ ಹೋಗಿ ಬರುವ ಲೆಕ್ಕ ಹಾಕುವವರು ಅತ್ತಿಗೆಯೊಬ್ಬರೇ ಇರಬೇಕು.

ಅತ್ತಿಗೆ ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾರೆ. ನೆಲಮಾಳಿಗೆ, ಕಿಟಕಿಯಿಲ್ಲ, ಕಿರುಚಿದರೆ ಮಾತ್ರ ಮಾತು ಕೇಳುತ್ತದೆ, ಅಷ್ಟು ಸದ್ದು. ಅವರು ಸೇರಿದ ಹೊಸತರಲ್ಲಿ ಹಿತ್ತಲಿನಲ್ಲಿ ಸಾಲಾಗಿ ಕಲ್ಲುಗಳಿದ್ದವಂತೆ. ಕೈಯಲ್ಲೇ ಒಗೆದು ಕಲ್ಲಿಗೆ ಬಡಿದು ಬಿಸಿಲಿಗೆ ಹಾಕುತ್ತಿದ್ದರಂತೆ. ಆಮೇಲೆ ಯಂತ್ರಗಳು ಬಂದವು, ಕಲ್ಲುಗಳು ಹೋದವು, ಹಿತ್ತಲಿಗೆ ಕಾರು ನಿಲ್ಲಿಸುವ ಜಾಗ ಬಂತು. ಈಗ ಅತ್ತಿಗೆಯ ಕೆಲಸವೆಂದರೆ ತಳ್ಳುಗಾಡಿಯಿಂದ ಹಾಸಿಗೆ ಬಟ್ಟೆ ಎತ್ತಿ ಯಂತ್ರದ ಹೊಟ್ಟೆಗೆ ತುಂಬುವುದು, ಗುಂಡಿ ಒತ್ತುವುದು, ಗುಂಡು ಗಾಜಿನ ಹಿಂದೆ ಬಟ್ಟೆ ಗಿರಗಿರ ಸುತ್ತುವುದನ್ನು ನೋಡುತ್ತ ನಿಲ್ಲುವುದು.

ಆ ಗಾಜಿನ ಪಕ್ಕದ ಗೋಡೆಗೆ ಯಾರೋ ಒಂದು ಕ್ಯಾಲೆಂಡರ್ ತೂಗುಹಾಕಿದ್ದರು. ವರ್ಷ ಕಳೆದರೂ ಯಾರೂ ತೆಗೆದಿರಲಿಲ್ಲ. ಅದರಲ್ಲಿ ಯಾವುದೋ ಅರಮನೆಯ ಮಲಗುವ ಕೋಣೆ. ಆನೆ ಮಲಗುವಷ್ಟು ದೊಡ್ಡ ಮಂಚ, ಅದರ ಮೇಲೆ ಮಡಿಕೆ ಮುರಿಯದ ಬಿಳಿ ಹೊದಿಕೆ. ಬೇರೆಯವರಾಗಿದ್ದರೆ ಮಂಚ ನೋಡುತ್ತಿದ್ದರು, ಮೇಲಿನ ತೂಗುದೀಪ ನೋಡುತ್ತಿದ್ದರು. ಅತ್ತಿಗೆಗೆ ಕಂಡದ್ದು ಹೊದಿಕೆ.

"ಇಷ್ಟು ದೊಡ್ಡದನ್ನ ಎಲ್ಲಿ ಒಗೀತಿದ್ರು ಕಣೇ? ನೆಂದ್ಮೇಲೆ ಇದನ್ನ ಎತ್ತೋಕೆ ಎಷ್ಟು ಜನ ಬೇಕು?" ಎಂದು ನನ್ನನ್ನು ಕೇಳಿದ್ದರು. ನಾನು ಮಗುವಿಗೆ ಉಣಿಸುತ್ತಿದ್ದೆ. ನನಗೇನು ಗೊತ್ತು?

ಅಲ್ಲಿಂದ ಅವರಿಗೆ ಹುಚ್ಚು ಹಿಡಿಯಿತು. ಅರಮನೆಯಿರುವ ಯಾವುದಾದರೂ ಹಳೆಯ ಊರಿಗೆ ಹೋಗಬೇಕು, ಅರಮನೆಯವರ ಬಟ್ಟೆ ಒಗೆಯುತ್ತಿದ್ದ ಕಲ್ಲು ಹುಡುಕಬೇಕು, ಅದರ ಮೇಲೆ ಒಂದೇ ಒಂದು ಬಟ್ಟೆಯನ್ನು ತಮ್ಮ ಕೈಯಾರೆ ಒಗೆಯಬೇಕು. "ಕಣ್ಣು ಮುಚ್ಚಿ ನಾಲ್ಕು ಸಲ ಬಡಿದ್ರೆ ಸಾಕು, ನಾನು ಅಲ್ಲೇ ಇರ್ತೀನಿ, ಆ ಕಾಲದಲ್ಲೇ," ಅನ್ನುತ್ತಿದ್ದರು. ಮ್ಯೂಸಿಯಮ್ಮಿನಲ್ಲಿ ಕತ್ತಿ, ಕಿರೀಟ ನೋಡಿದರೆ ತಮಗೆ ಏನೂ ಆಗುವುದಿಲ್ಲವಂತೆ. ಕತ್ತಿ ಹಿಡಿದು ಗೊತ್ತಿದ್ದರಲ್ಲವೇ?

ಅತ್ತಿಗೆಯ ಗಂಡ ಲಾರಿ ಓಡಿಸುತ್ತಾರೆ. ಜೊತೆಗೆ ಬನ್ನಿ ಎಂದರೆ, "ನನಗೆ ರಜೆ ಅಂದ್ರೆ ಮನೆ ಗೋಡೆ ನೋಡ್ಕೊಂಡು ಮಲಗೋದು. ಗೋಡೆ ಒಂದೇ ನೋಡು ಹಿಂದಕ್ಕೆ ಓಡದೆ ನಿಂತಿರೋದು," ಎಂದು ಮಗ್ಗುಲು ಬದಲಿಸುತ್ತಾರೆ. ಅತ್ತಿಗೆ ಆರಿಸುವ ಕಡಿಮೆ ದರದ ನಗರ ಪ್ರವಾಸವೋ, ಇಬ್ಬರಿಗೆ ಮಾತ್ರ. ಬಸ್ಸು, ರೂಮು, ಬೆಳಗಿನ ತಿಂಡಿ ಎಲ್ಲ ಜೋಡಿಗೆ. ಒಬ್ಬರೇ ಹೋದರೂ ಇಬ್ಬರ ದುಡ್ಡು ಕಕ್ಕಬೇಕು. ಹಾಗಾಗಿ ಅತ್ತಿಗೆಗೆ ಪ್ರತಿ ಸಲವೂ ಒಬ್ಬ ಬಲಿಪಶು ಬೇಕು.

ಮೊದಲ ಸಲ ಬಲಿಯಾದವರು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಗೆಳತಿ. ಆ ಊರಿನ ಒಗೆಯುವ ಕಟ್ಟೆಯ ಮೇಲೆ ಬಸ್ ನಿಲ್ದಾಣ ಎದ್ದಿತ್ತು. ಅತ್ತಿಗೆ ನಂಬಲಿಲ್ಲ, ಇಡೀ ದಿನ ನಿಲ್ದಾಣವನ್ನೇ ಸುತ್ತಿಸಿದರು. ಗೆಳತಿಯ ಚಪ್ಪಲಿ ಹರಿದುಹೋಯಿತು. ಇವತ್ತಿಗೂ ಇಬ್ಬರ ನಡುವೆ ಮಾತೆಂದರೆ ದಿಂಬಿನ ಚೀಲದ ಬಗ್ಗೆ ಮಾತ್ರ. ಎರಡನೆಯ ಬಲಿ ನನ್ನ ಗಂಡ. ಆ ಸಲ ಕಲ್ಲು ಇತ್ತು, ಆದರೆ ದೊಡ್ಡ ಹೋಟೆಲೊಂದರ ಕಾಂಪೌಂಡಿನೊಳಗೆ. ಅಲ್ಲಿ ಉಳಿದುಕೊಂಡವರಿಗೆ ಮಾತ್ರ ಪ್ರವೇಶ. ಅಕ್ಕ ತಮ್ಮ ಇಬ್ಬರೂ ಗೇಟಿನ ಹೊರಗೆ ನಿಂತು ಇಣುಕಿ ಬಂದರು. ನನ್ನ ಗಂಡ ಮನೆಗೆ ಬಂದವರೇ ಬ್ಯಾಗು ಎಸೆದು, "ಇನ್ನೊಂದ್ ಸಲ ಅಕ್ಕನ ಜೊತೆ ಟೂರು ಅಂದ್ರೆ ನಾನು ಮನೆ ಬಿಟ್ಟು ಓಡಿಹೋಗ್ತೀನಿ" ಎಂದರು.

"ಓಡಿಹೋದ್ರೂ ಅದು ಟೂರೇ ಅಲ್ವೇನೋ?" ಎಂದರು ಅತ್ತಿಗೆ.

ಉಳಿದವಳು ನಾನು. ನನಗೂ ಮನಸ್ಸಿರಲಿಲ್ಲ. ಆದರೆ ಮಗಳು ಹುಟ್ಟಿದಾಗ ನಮ್ಮ ಮನೆಯಲ್ಲಿ ವಾಷಿಂಗ್ ಮಷೀನು ಇರಲಿಲ್ಲ. ಅತ್ತಿಗೆ ಡ್ಯೂಟಿ ಮುಗಿಸಿ ನೇರ ನಮ್ಮ ಬಚ್ಚಲಿಗೆ ಬಂದು, ಕೂಸಿನ ಬಟ್ಟೆಯನ್ನೆಲ್ಲ ಒಗೆದು ಹಿಂಡಿ ಹರವಿ ಹೋಗುತ್ತಿದ್ದರು. ಅದನ್ನು ಅವರು ಒಂದು ದಿನವೂ ಆಡಿ ತೋರಿಸಿದವರಲ್ಲ. ಆಡಿ ತೋರಿಸಿದ್ದರೆ ಇಲ್ಲ ಅನ್ನುವುದು ಸುಲಭವಾಗುತ್ತಿತ್ತು. "ಇದೇ ಕೊನೆ ಕಣೇ. ನಿನ್ನ ಬಿಟ್ರೆ ಇನ್ನು ಜೊತೆಗೆ ಬರೋರು ಯಾರಿದ್ದಾರೆ?" ಎಂದರು. ಹೊರಟೆ.

ಜಾಹೀರಾತಿನಲ್ಲಿ ಹೋಟೆಲು ನಗರದ ಹೃದಯಭಾಗದಲ್ಲಿತ್ತು. ಆ ನಗರದ ಹೃದಯ ಕೊನೆಯ ಬಸ್ ಸ್ಟಾಪಿನಿಂದಲೂ ಆಚೆಗಿತ್ತು. ರೂಮಿನ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ತಾಗುತ್ತಿತ್ತು. ನಾನು ನಲ್ಲಿಯಲ್ಲಿ ಬಿಸಿನೀರು ಬರುತ್ತದೆಯೇ ನೋಡಲು ಹೋದರೆ, ಅತ್ತಿಗೆ ಹಾಸಿಗೆಯ ಹೊದಿಕೆಯನ್ನು ಮೂಗಿಗೆ ಹಿಡಿದು ನಿಂತಿದ್ದರು.

"ಒಗೆಯೋ ಸೋಡಾ ಜಾಸ್ತಿ ಆಗಿದೆ. ನೀರಲ್ಲಿ ಸರಿಯಾಗಿ ಜಾಲಿಸಿಲ್ಲ."

"ಅತ್ತಿಗೆ, ಬಿಸಿನೀರೇ ಬರ್ತಿಲ್ಲ."

"ಬಿಸಿನೀರು ಬಿಡು, ಇದನ್ನ ನೋಡು. ಅಂಚು ಹಳದಿ ಆಗಿದೆ!"

ಮಗಳನ್ನು ತಣ್ಣೀರಿನಲ್ಲಿ ಒರೆಸಿ ಮಲಗಿಸಿದೆ. ಮರುದಿನ ಅರಮನೆ. ಅಂದು ಪ್ರವೇಶ ಪುಕ್ಕಟೆ ಎಂದು ಅತ್ತಿಗೆ ಆರಿಸಿದ್ದ ದಿನ. ಇಡೀ ಊರೇ ಹಾಗೆ ಆರಿಸಿಕೊಂಡಿತ್ತು. ಸಾಲಿನಲ್ಲಿ ನಿಂತು ನಿಂತು ಮಗಳು ನನ್ನ ಕೊರಳಿಗೆ ಜೋತುಬಿದ್ದಳು. ಕೊನೆಗೆ ಮಂಚದ ಕೋಣೆ ಬಂತು. ವಿವರಿಸುತ್ತಿದ್ದ ಗೈಡ್ ಹುಡುಗಿಯನ್ನು ಅತ್ತಿಗೆ ಕೇಳಿಯೇ ಬಿಟ್ಟರು: "ಅಮ್ಮಣ್ಣೀ, ಈ ಹೊದಿಕೆಯೆಲ್ಲ ಎಲ್ಲಿ ಒಗೀತಿದ್ರು?"

"ಅಯ್ಯೋ, ಗೊತ್ತಿಲ್ಲಮ್ಮ. ಹಿಂದುಗಡೆ ಇಳಿಜಾರಲ್ಲಿ ಏನೋ ಇತ್ತು ಅಂತಾರೆ. ಮುಂದೆ ಬನ್ನಿ, ಮುಂದೆ ಬನ್ನಿ." ಹಿಂದಿನಿಂದ ಜನ ನೂಕಿದರು. ರಾಜನ ಮಂಚವನ್ನು ನಾನು ನೋಡಿದ್ದು ಒಬ್ಬ ದಪ್ಪ ಮನುಷ್ಯನ ಹೆಗಲಿನ ಮೇಲಿಂದ.

ಅದರ ಮಾರನೆಯ ಬೆಳಗ್ಗೆ ಕಲ್ಲು ಹುಡುಕಲು ಹೊರಟೆವು. ಮಧ್ಯಾಹ್ನಕ್ಕೆ ವಾಪಸು ಬಸ್ಸು. ಅತ್ತಿಗೆಯ ಕೈಯಲ್ಲಿ ಹಳೆಯ ಪುಸ್ತಕದಂಗಡಿಯಿಂದ ತಂದ ಊರಿನ ಕೈಪಿಡಿ. ನಮ್ಮ ಅಜ್ಜಿಯರು ಹುಡುಗಿಯರಾಗಿದ್ದಾಗ ಅಚ್ಚಾದದ್ದು. ಹೊಸ ಕೈಪಿಡಿಯಲ್ಲಿ ಬರೀ ಎಲ್ಲಿ ತಿನ್ನಬೇಕು ಎಲ್ಲಿ ಕೊಳ್ಳಬೇಕು ಎಂದು ಇರುತ್ತದಂತೆ. ಹಳೆಯದರಲ್ಲಿ ನೀರು ಎಲ್ಲಿದೆ ಎಂದು ಇರುತ್ತದಂತೆ. ಇರುತ್ತದೆ, ನಿಜ. "ಅರಮನೆಯ ಹಿಂಬದಿಯ ಇಳಿಜಾರಿನಲ್ಲಿ ಹತ್ತಿಯ ಗೋದಾಮನ್ನು ದಾಟಿ ಎಡಕ್ಕೆ ಹೊರಳಿದರೆ ಬುಗ್ಗೆಯ ನೀರು ತುಂಬುವ ಕಲ್ಲಿನ ಕಟ್ಟೆ" ಎಂದು ಬರೆದಿತ್ತು. ಹತ್ತಿಯ ಗೋದಾಮು ಎಲ್ಲಿದೆ? ಇಳಿಜಾರಿನ ತುಂಬ ಮೊಬೈಲ್ ಅಂಗಡಿ, ಕನ್ನಡಕದ ಅಂಗಡಿ, ಸೂಟ್‌ಕೇಸಿನ ಅಂಗಡಿ.

"ಯಾರನ್ನಾದ್ರೂ ಕೇಳೋಣ ಅತ್ತಿಗೆ."

"ಬೇಡ. ಈಗಿನೋರನ್ನ ಕೇಳಿದ್ರೆ ಈಗಿನ ದಾರಿ ಹೇಳ್ತಾರೆ."

"ನಾವು ಈಗ ತಾನೇ ಇರೋದು?"

"ನೀನು ಇರೋದು," ಎಂದು ಅತ್ತಿಗೆ ಪುಸ್ತಕವನ್ನು ತಿರುಗಿಸಿ ಹಿಡಿದು ಮುಂದೆ ನಡೆದರು.

ಸುತ್ತಿ ಸುತ್ತಿ ಸುಣ್ಣವಾದೆವು. ಇಳಿದ ಗಲ್ಲಿಯನ್ನೇ ಹತ್ತಿದೆವು, ಹತ್ತಿದ ಮೆಟ್ಟಿಲನ್ನೇ ಇಳಿದೆವು. ಎಲ್ಲಿ ಹೊರಳಿದರೂ ಕೊನೆಗೆ ಬಂದು ನಿಲ್ಲುತ್ತಿದ್ದುದು ಒಂದೇ ಬೂಟಿನ ಅಂಗಡಿಯ ಎದುರು. ಅಂಗಡಿಯವ ಸ್ಟೂಲಿನ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದ. ಮತ್ತೆ ಬಂದಾಗ ನಕ್ಕ. ಇನ್ನೊಮ್ಮೆ ಬಂದಾಗ, "ಬನ್ನಿ ಮೇಡಂ, ನಿಮ್ಮ ನಂಬರ್ ಎಷ್ಟು? ಇಷ್ಟು ನಡೆಯೋರಿಗೆ ಒಳ್ಳೇ ಬೂಟು ಬೇಕೇ ಬೇಕು," ಎಂದ.

ಮಗಳು ಅಲ್ಲೇ ಕುಕ್ಕರಿಸಿದಳು. "ಅಮ್ಮಾ, ಕಾಲು ನೋವು. ಎತ್ಕೋ." ಬೆನ್ನಿಗೆ ಬ್ಯಾಗು, ಕಂಕುಳಲ್ಲಿ ನೀರಿನ ಬಾಟಲಿ, ಈಗ ಇವಳು. ನನ್ನ ಪಿತ್ತ ನೆತ್ತಿಗೇರಿತು.

"ಸಾಕು ಅತ್ತಿಗೆ! ಮಗು ಬೆಳಗ್ಗೆಯಿಂದ ಒಂದು ಬ್ರೆಡ್ಡು ತಿಂದಿದೆ. ನಿಮಗೆ ಹಿಂದಿನ ಕಾಲಕ್ಕೆ ಹೋಗ್ಬೇಕು, ನನಗೆ ಬಸ್ಸಿಗೆ ಹೋಗ್ಬೇಕು. ಯಾರೋ ಒಗೆದ್ರು, ಯಾರೋ ಉಟ್ಟರು, ಯಾರೋ ಸತ್ತರು. ಇದಕ್ಕೆ ನಾವು ಯಾಕೆ ಸಾಯ್ಬೇಕು?"

ಅತ್ತಿಗೆ ಪುಸ್ತಕ ಮುಚ್ಚಿದರು. "ಬೇಕಾದ್ರೆ ನೀವಿಬ್ರೂ ಹೋಗಿ ಬಸ್ಸಲ್ಲಿ ಕೂತ್ಕೊಳ್ಳಿ. ನಾನು ಬರ್ತೀನಿ."

"ನೀವು ಬರಲ್ಲ. ಬಸ್ಸು ಹೋಗುತ್ತೆ. ನಿಮ್ಮ ತಮ್ಮನಿಗೆ ನಾನೇನು ಹೇಳ್ಲಿ, ಅಕ್ಕನ್ನ ರಾಜರ ಕಾಲದಲ್ಲಿ ಬಿಟ್ಟು ಬಂದೆ ಅಂತಾನಾ?"

ಬೂಟಿನವ ಇದನ್ನೆಲ್ಲ ಸಿನಿಮಾ ನೋಡುವವನ ಹಾಗೆ ನೋಡುತ್ತಿದ್ದ. ನಾನು ಅವನ ಕಡೆಗೇ ತಿರುಗಿ, ಅತ್ತಿಗೆ ಬೇಡ ಬೇಡ ಅನ್ನುತ್ತಿದ್ದರೂ ಕೇಳಿಬಿಟ್ಟೆ. "ಇಲ್ಲಿ ಹಳೇ ಕಾಲದ ಬಟ್ಟೆ ಒಗೆಯೋ ಕಟ್ಟೆ ಎಲ್ಲಿದೆ?"

"ಕಟ್ಟೆನಾ? ನಮ್ಮ ಅಂಗಡಿ ಹಿಂದೇನೇ. ಆ ಗೋಡೆ ಪಕ್ಕ ಸಂದು ಇದೆಯಲ್ಲ, ಅದ್ರಲ್ಲಿ ಹೋಗಿ."

ನಾನು ಅತ್ತಿಗೆಯ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. ಆಗಲೇ ಸಂದಿನೊಳಗೆ ಅಡ್ಡಡ್ಡ ತಿರುಗಿ ನುಸುಳುತ್ತಿದ್ದರು.

ಇತ್ತು. ನಿಜಕ್ಕೂ ಇತ್ತು. ಚಿಕ್ಕ ಅಂಗಳ, ನಡುವೆ ಉದ್ದನೆಯ ತೊಟ್ಟಿ, ಒಂದು ತುದಿಯ ಕಲ್ಲಿನ ಬಾಯಿಯಿಂದ ನೀರು ಈಗಲೂ ಬೀಳುತ್ತಿತ್ತು. ತೊಟ್ಟಿಯ ಸುತ್ತ ಒಳಮುಖವಾಗಿ ಓರೆಯಾಗಿ ಇಟ್ಟ ಕಲ್ಲುಗಳು. ಸವೆದು ಸವೆದು ನಡುವೆ ತಗ್ಗಾಗಿದ್ದವು, ಬಹಳ ಬಳಸಿದ ದಿಂಬಿನ ಹಾಗೆ. ಅತ್ತಿಗೆ ಆಗಲೇ ಸೊಂಟದಿಂದ ಕರ್ಚೀಫು ತೆಗೆದಿದ್ದರು. ನನಗೂ ಒಂದು ಗಳಿಗೆ ಕಾಲು ನೋವು ಮರೆತುಹೋಯಿತು.

ಆಮೇಲೆ ಹಗ್ಗ ಕಂಡಿತು. ತೊಟ್ಟಿಯ ಸುತ್ತಲೂ ಕಂಬ ನೆಟ್ಟು ಕೆಂಪು ಹಗ್ಗ ಕಟ್ಟಿದ್ದರು. ಹಗ್ಗದ ಪಕ್ಕ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಕಾವಲುಗಾರ. ಅತ್ತಿಗೆ ಹಗ್ಗಕ್ಕೆ ಕೈ ಹಾಕಿದ ಕೂಡಲೇ ಸೀಟಿ ಊದಿದ.

"ಮುಟ್ಟೋ ಹಾಗಿಲ್ಲಮ್ಮ."

"ಮುಟ್ಟಲ್ಲಪ್ಪ, ಒಗೀತೀನಿ ಅಷ್ಟೆ. ಒಂದೇ ಒಂದು ಕರ್ಚೀಫು."

ಅವನು ಕಣ್ಣು ಕಣ್ಣು ಬಿಟ್ಟ. "ಏನು?"

"ನಾನು ಲಾಂಡ್ರಿಯೋಳು. ಇದಕ್ಕೋಸ್ಕರಾನೇ ಅಷ್ಟು ದೂರದಿಂದ ಬಂದಿದ್ದೀನಿ. ಸೋಪೂ ಹಾಕಲ್ಲ."

"ಫೋಟೋ ಬೇಕಾದ್ರೆ ಇಲ್ಲಿಂದ ತಗೊಳ್ಳಿ. ನೀರು ಮುಟ್ಟಿದ್ರೆ ಮೇಲಿನೋರು ನನಗೆ ಬೈತಾರೆ."

ಎಷ್ಟು ಕೇಳಿಕೊಂಡರೂ ಅದೇ ಮಾತು. ಅವನು ಕೆಟ್ಟವನಲ್ಲ, ಮಗಳಿಗೆ ತನ್ನ ಕುರ್ಚಿಯಲ್ಲಿ ಕೂರಲು ಜಾಗ ಕೂಡ ಬಿಟ್ಟುಕೊಟ್ಟ. ಆದರೆ ತೊಟ್ಟಿಯ ಮೇಲಿನ ಕಣ್ಣು ಮಾತ್ರ ಕೀಳಲಿಲ್ಲ. ಒಗೆಯುವುದಕ್ಕೆಂದೇ ಕಟ್ಟಿದ ಕಲ್ಲು, ಒಗೆಯುವುದೇ ಕೆಲಸವಾದ ಹೆಂಗಸು, ಬೀಳುತ್ತಿರುವ ನೀರು, ನಡುವೆ ಒಂದು ಹಗ್ಗ. ಬೆಳಗ್ಗೆಯಿಂದ ಅತ್ತಿಗೆಯ ಮೇಲಿದ್ದ ನನ್ನ ಸಿಟ್ಟೆಲ್ಲ ಈಗ ಆ ಹಗ್ಗದ ಮೇಲೆ ತಿರುಗಿತು.

ಅತ್ತಿಗೆ ಗೋಡೆಗೆ ಒರಗಿ ಕೂತರು. ಅವರು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದೇ ಕಡಿಮೆ. ಕರ್ಚೀಫನ್ನು ಮೂಲೆಗೆ ಮೂಲೆ ಸೇರಿಸಿ ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ನಾನು ಬಾಟಲಿ ಕೊಟ್ಟೆ. ಕುಡಿಯಲಿಲ್ಲ. ಬಸ್ಸಿಗೆ ಹೊತ್ತಾಗುತ್ತಿದ್ದರೂ ನಾನೂ ಅವರ ಪಕ್ಕದಲ್ಲೇ ಕೂತೆ.

"ಅಕ್ಕನೋರೇ, ಬೇಜಾರು ಮಾಡ್ಕೋಬೇಡಿ," ಎಂದು ಕಾವಲುಗಾರನೇ ದೂರದಿಂದ ಕೂಗಿದ. "ನಮ್ಮ ಮನೇಲೂ ಹೆಂಗಸರು ನನಗೆ ಬೈಯೋದೇ. ಮೊಮ್ಮಗಳಂತೂ ಮಾತೇ ಬಿಟ್ಟಿದ್ದಾಳೆ."

ಅತ್ತಿಗೆ ತಲೆ ಎತ್ತಿದರು. ಅವನನ್ನು ನೋಡಿದರು, ತೊಟ್ಟಿಯ ಆಚೆ ತುದಿಯನ್ನು ನೋಡಿದರು, ಆಮೇಲೆ ನನ್ನನ್ನು. ನನ್ನ ಕಿವಿಯ ಹತ್ತಿರಕ್ಕೆ ಬಾಗಿದರು.

"ಒಂದು ಉಪಕಾರ ಮಾಡ್ತೀಯೇನೇ? ಮೊಮ್ಮಗಳು ಯಾಕೆ ಮಾತು ಬಿಟ್ಟಳು ಅಂತ ಕೇಳು ಅವನನ್ನ. ಆ ಸಂದಿನ ಕಡೆ ತಿರುಗಿಸಿ ನಿಲ್ಸಿಕೊಂಡು ಕೇಳು. ನಾಲ್ಕು ಸಲ ಬಡಿಯೋಷ್ಟು ಹೊತ್ತು ಸಾಕು ನನಗೆ. ಸದ್ದು ಬರುತ್ತೆ ಕಣೇ, ಅದಕ್ಕೆ ನೀನು ಸ್ವಲ್ಪ ಜೋರಾಗಿ ಮಾತಾಡು."