ಪಾಪಣ್ಣನ ಎಡಗಣ್ಣು

ಇವತ್ತು ಬೆಳಿಗ್ಗೆ ಹುಳುಕು ಹಲ್ಲಿಗೆ ಸಿಮೆಂಟು ತುಂಬಿಸಿಕೊಂಡು ಮನೆಗೆ ಬಂದೆ. ಡಾಕ್ಟರಮ್ಮ ಇಂಜೆಕ್ಷನ್ ಚುಚ್ಚಿ ಎಡಗಡೆಯ ದವಡೆಯನ್ನು ಮರಗಟ್ಟಿಸಿದ್ದರು. ಮರಗಟ್ಟಿದ್ದು ಬಿಡುವವರೆಗೆ ಏನೂ ತಿನ್ನಬೇಡಿ, ಕುಡಿಯಬೇಡಿ ಎಂದು ತೆಲುಗಿನಲ್ಲಿ ಒಮ್ಮೆ ಹೇಳಿ, ನನ್ನ ಮುಖ ನೋಡಿ ಅನುಮಾನ ಬಂದು ಇಂಗ್ಲಿಷಿನಲ್ಲೂ ಹೇಳಿದ್ದರು. ಎರಡೂ ಭಾಷೆಯಲ್ಲಿ ಅರ್ಥವಾಗಿತ್ತು. ಆದರೆ ಹನ್ನೊಂದು ಗಂಟೆಯ ಚಹಾ ಬಿಡುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಒಂದು ಗುಟುಕು ಹಾಕಿದೆ. ಬಾಯೊಳಗೆ ಹೋಗಬೇಕಾದ ಚಹಾ ಎಡತುಟಿಯ ಮೂಲೆಯಿಂದ ಇಳಿದು, ಇಸ್ತ್ರಿ ಮಾಡಿದ ಅಂಗಿಯ ಮೇಲೆ ಹರಿಯಿತು. ಒರೆಸಿಕೊಳ್ಳಲು ಕನ್ನಡಿಯ ಮುಂದೆ ಹೋದವನಿಗೆ ನಗು ಬಂತು. ಬಲಗಡೆಯ ಮುಖ ನಕ್ಕಿತು. ಎಡಗಡೆಯದು ತನಗೂ ಅದಕ್ಕೂ ಸಂಬಂಧವಿಲ್ಲ ಎಂಬಂತೆ ಸುಮ್ಮನಿತ್ತು.

ಆ ಮುಖ ನನಗೆ ಗೊತ್ತಿತ್ತು. ಅದು ನನ್ನದಲ್ಲ, ಬಸೂನದು.

ಬಸು ಎಂದರೆ ಬಸವರಾಜ, ರಾಯಚೂರು ಕಡೆಯವನು. ಹೈದರಾಬಾದಿನಲ್ಲಿ ಕಂಡಕಂಡವರೆಲ್ಲ ಕಂಪ್ಯೂಟರ್ ಕಲಿಯಲು ಹೊರಟಿದ್ದ ಕಾಲವದು. ಕಂಬ, ಗೋಡೆ, ಬಸ್ಸಿನ ಬೆನ್ನು ಎಲ್ಲಿ ನೋಡಿದರೂ ಕೋರ್ಸುಗಳ ಪೋಸ್ಟರು. ನಾನು ಮೈಸೂರಿನಿಂದ ಬಂದು, ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಕೆಲಸಕ್ಕೆ ಸೇರಿದ್ದೆ. ಮನೆಯವರು ಹೇಳುವಂತೆ ಆ ಚಾಳಿ ಈಗಲೂ ಬಿಟ್ಟಿಲ್ಲ. ಬಸು ದಿಲ್‌ಸುಖ್‌ನಗರದ ಒಂದು ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಮಾಡುತ್ತಿದ್ದ. ನಾವಿಬ್ಬರೂ ಕಾಚಿಗೂಡದಲ್ಲಿ, ಬೀದರ ಕಡೆಯ ಶಾಂತಾಬಾಯಿಯವರ ಮನೆಯ ಮಾಳಿಗೆಯಲ್ಲಿದ್ದೆವು. ನನ್ನ ಆಫೀಸು ಊರಿನ ಇನ್ನೊಂದು ಮೂಲೆಯಲ್ಲಿ. ಅಷ್ಟು ದೂರ ಯಾಕೆ ಎಂದರೆ ಬಸು ಹೇಳುತ್ತಿದ್ದ: "ನಮ್ಮ ಕಡೆ ರೈಲು ಇಲ್ಲೇ ನಿಂದರ್ತಾವಲೇ. ಬ್ಯಾಸರಾತಂದ್ರ ಹತ್ತಿ ಕುಂತ್ರಾತು." ಅವನ ಈ ತರ್ಕದ ದೆಸೆಯಿಂದ ನಾನು ದಿನವೂ ಎರಡೆರಡು ಬಸ್ಸು ಬದಲಾಯಿಸುತ್ತಿದ್ದೆ.

ಈ ಊರಿನ ಇನ್‌ಸ್ಟಿಟ್ಯೂಟುಗಳಲ್ಲಿ ಒಂದು ರೂಢಿಯುಂಟು. ಹೊಸ ಬ್ಯಾಚಿನ ಮೊದಲ ದಿನದ ಪಾಠ ಪುಕ್ಕಟೆ. ಅದಕ್ಕೆ ಡೆಮೊ ಎನ್ನುತ್ತಾರೆ. ಮೇಷ್ಟರು ಇಷ್ಟವಾದರೆ ಹುಡುಗರು ಹೆಸರು ಬರೆಸುತ್ತಾರೆ, ಇಲ್ಲವಾದರೆ ಎದ್ದು ಪಕ್ಕದ ಕಟ್ಟಡದ ಡೆಮೊಗೆ ಹೋಗುತ್ತಾರೆ. ಹೆಣ್ಣು ನೋಡುವ ಶಾಸ್ತ್ರವೇ ವಾಸಿ, ಅಲ್ಲಿ ಉಪ್ಪಿಟ್ಟಾದರೂ ಇರುತ್ತದೆ. ಈ ಪರೀಕ್ಷೆಯಲ್ಲಿ ಬಸು ಎಂದೂ ಸೋತವನಲ್ಲ. ಅವನು ನಗಿಸುತ್ತ ಪಾಠ ಮಾಡುತ್ತಿದ್ದ. ತಾನೂ ನಗುತ್ತಿದ್ದ. ಅವನ ಅನ್ನ ಇದ್ದದ್ದೇ ಆ ನಗುವಿನಲ್ಲಿ.

ಈಗ ಸಿನಿಮಾದ ವಿಷಯ ಹೇಳಬೇಕು. ಹೆಸರು ಹೇಳುವುದಿಲ್ಲ, ಹೇಳಿದರೂ ನಿಮಗೆ ನೆನಪಾಗಲಿಕ್ಕಿಲ್ಲ. ಥಿಯೇಟರಿಗೆ ಬಂದಷ್ಟೇ ಬೇಗ ಹೋದ ಚಿತ್ರ. ಮೂವರು ಗೆಳೆಯರ ಕಥೆ. ಒಬ್ಬ ಹೀರೋ. ಅವನು ಪ್ರೀತಿಸುತ್ತಾನೆ, ಹಾಡುತ್ತಾನೆ, ಹೊಡೆದಾಡುತ್ತಾನೆ, ಕೊನೆಗೆ ಮದುವೆಯಾಗಿ ಬಸ್ಸು ಹತ್ತುತ್ತಾನೆ. ಅವನನ್ನು ಅಲ್ಲಿಗೇ ಬಿಡೋಣ. ಉಳಿದಿಬ್ಬರು ಹಾಸ್ಯನಟರು. ದೊಡ್ಡವನದು ಸೈಕಲ್ ಅಂಗಡಿಯ ಪಂಪ್ ಪಾಪಣ್ಣನ ಪಾತ್ರ, ಚಿಕ್ಕವನದು ಕಿಟ್ಟಿ. ಕಿಟ್ಟಿಯ ಮುಖ ಹಿಟ್ಟಿನ ಮುದ್ದೆ, ಹೇಗೆ ಬೇಕಾದರೂ ನಾದಬಹುದು. ಪಾಪಣ್ಣನ ಮುಖ ಅಲುಗುವುದೇ ಇಲ್ಲ. ಎಂಥ ಫಜೀತಿ ಬಂದರೂ ತುಟಿಯ ಒಂದು ತುದಿ ಕೂದಲೆಳೆಯಷ್ಟು ಮೇಲೇಳುತ್ತದೆ, ಮುಗಿಯಿತು. ಇಂಥವರನ್ನು 'ಕಾಮಿಡಿ ಟ್ರ್ಯಾಕು' ಎಂದು ಒಂದೇ ಮಾತಿನಲ್ಲಿ ಮುಗಿಸುವವರ ಜೊತೆ ನಾನು ಈಗಲೂ ಜಗಳವಾಡುತ್ತೇನೆ. ಆ ಚಿತ್ರದಲ್ಲಿ ಗೆಳೆತನ ಎಂಬುದೇನಾದರೂ ಇದ್ದರೆ ಅದು ಸೈಕಲ್ ಅಂಗಡಿಯ ಮುಂದೆ ಈ ಇಬ್ಬರು ಕೂರುವ ಬೆಂಚಿನ ಮೇಲಿತ್ತು. ಒಬ್ಬ ಮಾತಾಡುವಾಗ ಇನ್ನೊಬ್ಬ ಕೇಳುತ್ತಿದ್ದ. ನಟನೆಯಲ್ಲಿ ಕೇಳುವುದು ಎಷ್ಟು ಕಷ್ಟವೆಂದು ನನಗೆ ಆಮೇಲೆ ತಿಳಿಯಿತು. ಅದರ ವಿಸಿಡಿಯನ್ನು ನಾನು ಸುಲ್ತಾನ್ ಬಜಾರಿನ ಫುಟ್‌ಪಾತಿನಲ್ಲಿ, ಕನ್ನಡ ಅಕ್ಷರ ಕಂಡ ಒಂದೇ ಕಾರಣಕ್ಕೆ ಕೊಂಡಿದ್ದೆ. ಪ್ಲೇಯರು ನಮ್ಮದು, ಟಿವಿ ಶಾಂತಾಬಾಯಿಯವರದು. ಹಾಗಾಗಿ ಅವರೂ ಪ್ರೇಕ್ಷಕರು.

ಆ ವರ್ಷ ಯುಗಾದಿಗೆ ಊರಿಗೆ ಹೋಗಿದ್ದ ಬಸು ವಾಪಸು ಬಂದ ಮಾರನೆಯ ಬೆಳಿಗ್ಗೆ ಬಾಯಿ ಮುಕ್ಕಳಿಸಲು ಹೋದ. ನೀರು ನಿಲ್ಲಲಿಲ್ಲ. ಎಡಗಣ್ಣು ಮುಚ್ಚಲಿಲ್ಲ. ಮುಖ ಅರ್ಧ ಜಾರಿ ನಿಂತಿತ್ತು. ಕೆಳಗೆ ಕರೆದುಕೊಂಡು ಬಂದೆ. ಶಾಂತಾಬಾಯಿ ಎದೆ ಹಿಡಿದುಕೊಂಡರು.

"ಅಯ್ಯ ನನ್ನಪ್ಪಾ, ಲಕ್ವಾ ಹೊಡದೈತಲ್ಲೋ! ರೈಲಿನಾಗ ಖಿಡಕಿ ಬಾಜೂಕ ಕುಂತಿದ್ದಿಲ್ಲ? ಗಾಳಿ ಬಡದೈತಿ."

ಆಸ್ಪತ್ರೆಗೆ ಓಡಿದೆವು. ಡಾಕ್ಟರು ಪರೀಕ್ಷಿಸಿ, ಮೆದುಳಿಗೆ ಏನೂ ಆಗಿಲ್ಲ, ಮುಖದ ನರ ಬಾತುಕೊಂಡಿದೆ, ಬಹಳ ಜನರಿಗೆ ವಾಸಿಯಾಗುತ್ತದೆ ಎಂದರು. ಮಾತ್ರೆ ಬರೆದರು. ಕಣ್ಣಿಗೆ ಹನಿ ಕೊಟ್ಟರು. ದಿನಾ ಕನ್ನಡಿಯ ಮುಂದೆ ನಿಂತು ಹುಬ್ಬು ಎತ್ತಬೇಕು, ಕೆನ್ನೆ ಉಬ್ಬಿಸಬೇಕು, ಸೀಟಿ ಊದಬೇಕು, ನಗಬೇಕು ಎಂದರು. ಬಸೂಗೆ ಪ, ಬ, ಮ ಯಾವುದೂ ಬರುತ್ತಿರಲಿಲ್ಲ. ತುಟಿ ಎರಡೂ ಕೂಡಿದರೆ ತಾನೇ? ತನ್ನ ಹೆಸರನ್ನೇ ಅವನಿಗೆ ನೆಟ್ಟಗೆ ಹೇಳಲಾಗುತ್ತಿರಲಿಲ್ಲ. ಇನ್‌ಸ್ಟಿಟ್ಯೂಟಿನ ಮಾಲೀಕ ಒಳ್ಳೆಯವನೇ. ಸದ್ಯಕ್ಕೆ ಒಳಗೆ ಕುಳಿತು ನೋಟ್ಸು ತಯಾರಿಸಿ, ದಸರಾ ಆದ ಮೇಲಿನ ಬ್ಯಾಚಿಗೆ ನೋಡೋಣ, ಆಗಲೂ ಆಗದಿದ್ದರೆ ಬೇರೆಯವರನ್ನು ಕಾಯಂ ಮಾಡುತ್ತೇನೆ ಎಂದ.

ಬಸು ಮನೆಗೆ ಬಂದು ಒಂದೇ ಮಾತು ಹೇಳಿದ. ಅಕ್ಷರಗಳು ಅರ್ಧ ಸೋರಿಹೋಗುತ್ತಿದ್ದರೂ ಅದರ ಗಟ್ಟಿತನ ಸೋರಲಿಲ್ಲ. "ದಸರಾ ಬ್ಯಾಚಿಗೆ ನಾನ ನಿಂದ್ರಾಂವ. ಬ್ಯಾರೇ ಯಾರೂ ಅಲ್ಲ."

ಹೇಳುವುದು ಸುಲಭ. ಕನ್ನಡಿಯ ಮುಂದೆ ನಿಂತವನು ಸ್ವಲ್ಪ ಹೊತ್ತಿಗೇ ಅದನ್ನು ಗೋಡೆಗೆ ತಿರುಗಿಸಿ ಇಡುತ್ತಿದ್ದ. "ಎಷ್ಟಂತ ನೋಡ್ಲಿ ಈ ಮಾರಿ?" ಎನ್ನುತ್ತಿದ್ದ. ನಾನು ಧೈರ್ಯ ಹೇಳಲು ಹೋದರೆ, ಧೈರ್ಯ ಹೇಳುವುದರಲ್ಲಿ ನಾನೆಂಥ ನಿಪುಣನೆಂದರೆ, ಅವನೇ ನನಗೆ ಸಮಾಧಾನ ಹೇಳಬೇಕಾಗುತ್ತಿತ್ತು. ಹೀಗಿರುವಾಗ ಒಂದು ಭಾನುವಾರ ಶಾಂತಾಬಾಯಿಯವರ ಪಡಸಾಲೆಯಲ್ಲಿ ಅದೇ ವಿಸಿಡಿ ಓಡುತ್ತಿತ್ತು. ಹೀರೋ ಪ್ರೀತಿಸಿದ ಹುಡುಗಿಯ ಅಪ್ಪ ಪೈಲ್ವಾನ ಎಂದು ತಿಳಿದ ಕಿಟ್ಟಿಯ ಹುಬ್ಬುಗಳು ಒಂದಾದ ಮೇಲೊಂದು ಮೆಲ್ಲಗೆ ಹಣೆ ಹತ್ತತೊಡಗಿದವು. ಶಾಂತಾಬಾಯಿ ಸೊಪ್ಪು ಸೋಸುತ್ತಿದ್ದವರು ಕೂಗಿದರು:

"ಏ ಬಸ್ಯಾ, ಡಾಕ್ಟರು ಹಿಂಗ ಮಾಡಂದಾರಲ್ಲೋ! ಅಂವನ ನೋಡಿ ಮಾಡು. ಕನ್ನಡಿ ತರ್ರೀ ನೀವು."

'ನೀವು' ಎಂದರೆ ನಾನು. ಮೈಸೂರಿನವನೆಂದು ಅವರು ನನಗೆ ಮರ್ಯಾದೆ ಕೊಡುತ್ತಿದ್ದರು, ಕೆಲಸವನ್ನೂ ಕೊಡುತ್ತಿದ್ದರು. ಕನ್ನಡಿ ತಂದು ಟಿವಿಯ ಪಕ್ಕಕ್ಕೆ ಒರಗಿಸಿದೆ. ಅಂದಿನಿಂದ ನಮ್ಮ ಪಾಠಶಾಲೆ ಶುರುವಾಯಿತು. ಯಾವ ದೃಶ್ಯದಲ್ಲಿ ಯಾವ ಕಸರತ್ತು ಎಂಬುದೆಲ್ಲ ಶಾಂತಾಬಾಯಿಗೆ ಬಾಯಿಪಾಠ. ಬಾಯ್ತುಂಬ ಬೋಂಡಾ ತುರುಕಿಕೊಂಡ ಕಿಟ್ಟಿ ಹೀರೋನ ತಾಯಿಯ ಎದುರು ಸಿಕ್ಕಿಬಿದ್ದಾಗ ಕೆನ್ನೆ. ಗಿರಾಕಿ ಬಂದನೆಂದು ಪಾಪಣ್ಣ ನಿದ್ದೆಯ ಸೋಗು ಹಾಕುವಾಗ ಕಣ್ಣು. ಪಂಕ್ಚರು ಸಿಕ್ಕ ಸಂತೋಷಕ್ಕೆ ಅವನು ಊದುವ ಸೀಟಿಗೆ ಸೀಟಿ. ಬಸು ಒಬ್ಬನೇ ಮಾಡಿದರೆ ಅವನಿಗೆ ನಾಚಿಕೆಯಾಗುತ್ತದೆಂದು ನಾನೂ ಪಕ್ಕದಲ್ಲಿ ಕುಳಿತು ಮಾಡುತ್ತಿದ್ದೆ. ಹುಬ್ಬನ್ನು ಒಂದೊಂದಾಗಿ ಎತ್ತಲು ಹೋಗಿ ನನ್ನ ಕಿವಿಗಳು ಅಲ್ಲಾಡಿದವು, ಹುಬ್ಬುಗಳು ಜಪ್ಪಯ್ಯ ಅಂದರೂ ಕದಲಲಿಲ್ಲ. ನರ ಗಟ್ಟಿಯಾಗಿರುವ ನನಗೇ ಬಾರದ್ದನ್ನು ಆ ಕಿಟ್ಟಿ, ಮಾತು ತಪ್ಪದೆ, ಜೊತೆಯವನಿಗೆ ಜಾಗ ಬಿಟ್ಟುಕೊಟ್ಟು, ಏನೂ ಆಗಿಲ್ಲವೆಂಬಂತೆ ಮಾಡುತ್ತಿದ್ದ. ನಾನು ಅವನ ಅಭಿಮಾನಿಯಾದದ್ದು ನಕ್ಕಾಗ ಅಲ್ಲ, ನಕಲು ಮಾಡಲು ಹೋಗಿ ಸೋತಾಗ.

ಬಸು ಸೋಲುವ ಜಾತಿಯವನಲ್ಲ. ದಿನಾ ಸಂಜೆ ಇನ್‌ಸ್ಟಿಟ್ಯೂಟಿನಿಂದ ಬಂದವನು ಕೈಕಾಲು ತೊಳೆದು ಕನ್ನಡಿಯ ಮುಂದೆ ಕೂರುತ್ತಿದ್ದ. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಅವನು ಬಿಡಲಿಲ್ಲ. ಮಳೆಗಾಲದಲ್ಲಿ ಒಂದು ಸಂಜೆ ಎಡರೆಪ್ಪೆ ತುಸು ಇಳಿಯಿತು. ಆಮೇಲೆ ಹುಬ್ಬು ಮಿಸುಕಿತು. ಒಂದು ದಿನ "ಪಂಪ್ ಪಾಪಣ್ಣ" ಎಂದು ಗಾಳಿ ಸೋರದೆ ಹೇಳಿದ. ಶಾಂತಾಬಾಯಿ ಓಣಿಗೆಲ್ಲ ಸಕ್ಕರೆ ಹಂಚಿ ಬಂದರು. ದಸರಾ ಹತ್ತಿರವಿತ್ತು. ಗೆದ್ದೆವು ಎಂದುಕೊಂಡೆವು.

ಆದರೆ ಮುಖ ಹೋದ ದಾರಿಯಲ್ಲೇ ವಾಪಸು ಬರಲಿಲ್ಲ. ಬಸು ನಕ್ಕಾಗಲೆಲ್ಲ ಎಡಗಣ್ಣು ತಾನಾಗಿ ಮುಚ್ಚತೊಡಗಿತು. ನರ ಮತ್ತೆ ಚಿಗುರುವಾಗ ದಾರಿ ತಪ್ಪಿದೆ, ತುಟಿಗೆ ಹೋಗಬೇಕಾದ ಎಳೆ ಕಣ್ಣಿಗೂ ಹೋಗಿದೆ, ಇದು ಹೀಗೇ ಉಳಿದರೂ ಉಳಿಯಬಹುದು ಎಂದರು ಡಾಕ್ಟರು. ಸುಲ್ತಾನ್ ಬಜಾರಿನಲ್ಲಿ ಒಂದು ದಿನ ಅಂಗಿ ತೋರಿಸುತ್ತಿದ್ದ ಹುಡುಗಿಗೆ ಬಸು ಮರ್ಯಾದೆಗೆಂದು ಮುಗುಳ್ನಕ್ಕ. ಕಣ್ಣು ಮುಚ್ಚಿತು. ಆಕೆ ಅಂಗಿಯನ್ನು ಮೇಜಿನ ಮೇಲೆ ಬಿಸಾಡಿ ಒಳಗೆ ಹೋದಳು. ಬಸು ಮನೆಗೆ ಬಂದು ಕನ್ನಡಿಯನ್ನು ಮತ್ತೆ ಗೋಡೆಗೆ ತಿರುಗಿಸಿದ.

"ನಾಳೆ ಮಾಲೀಕಗ ಹೇಳಿಬಿಡ್ತೀನಿ, ಬ್ಯಾರೇದಾವ್ರನ್ನ ನೋಡ್ಕೋರಿ ಅಂತ," ಎಂದ. "ಕ್ಲಾಸಿನಾಗ ಹೆಣ್ಣುಮಕ್ಕಳು ಕುಂತಿರ್ತಾರ. ನಗಲಾರದ ಪಾಠ ಮಾಡಾಕ ನನಗ ಬರಂಗಿಲ್ಲ. ನಕ್ರ ಹಿಂಗಾಕ್ಕತಿ. ಏನ್ ಮಾಡ್ಲಿ ಹೇಳು?"

ಅಷ್ಟು ಹಟದ ಮನುಷ್ಯ ಕೈಚೆಲ್ಲಿ ಕುಳಿತದ್ದನ್ನು ನೋಡಿ ನನಗೆ ಅಳು ಬಂತು. ಶಾಂತಾಬಾಯಿ ಎದ್ದು ಹೋಗಿ ವಿಸಿಡಿ ಹಾಕಿದರು. ದುಃಖಕ್ಕೆ ಅವರ ಹತ್ತಿರ ಇದ್ದ ಔಷಧಿ ಅದೊಂದೇ. ದಿನಾ ಹಾಕಿ ಹಾಕಿ ಆ ಡಿಸ್ಕಿನ ಮೈತುಂಬ ಗೀರು ಬಿದ್ದಿತ್ತು. ಕೊನೆಯ ದೃಶ್ಯ. ಹೀರೋನ ಬಸ್ಸು ಹೊರಟುಹೋಗಿದೆ. ಕಿಟ್ಟಿ ಮುಖ ಮುಚ್ಚಿಕೊಂಡು ಅಳುತ್ತಿದ್ದಾನೆ. ಇಡೀ ಚಿತ್ರದಲ್ಲಿ ನಗದ ಪಾಪಣ್ಣ, ಅವನ ಹೆಗಲ ಮೇಲೆ ಕೈಹಾಕಿ, ಮೊದಲ ಸಲ ಬಾಯ್ತುಂಬ ನಗುತ್ತಾನೆ. ನಕ್ಕು ಎಡಗಣ್ಣು ಹೊಡೆಯುತ್ತಾನೆ. 'ಹೋಗಲಿ ಬಿಡೋ, ನಾವಿದ್ದೀವಲ್ಲ' ಎಂದು ಅದರ ಅರ್ಥ. ಪ್ರತಿ ಸಲವೂ ನಾವು ಚಪ್ಪಾಳೆ ತಟ್ಟುತ್ತಿದ್ದ ಜಾಗ. ಅಂದು ಡಿಸ್ಕು ಅಲ್ಲೇ ಸಿಕ್ಕಿಹಾಕಿಕೊಂಡಿತು. ಅರ್ಧ ನಗುವಿನಲ್ಲಿ ಪಾಪಣ್ಣನ ಮುಖ ನಿಂತುಬಿಟ್ಟಿತು.

ಬಸು ನೋಡಿದ. ಎದ್ದು ಟಿವಿಯ ಹತ್ತಿರ ಹೋದ.

"ಹಿಂದಕ್ಕ ತಗೊಂಡು ಮತ್ತ ಹಾಕು."

ಹಾಕಿದೆ.

"ಇನ್ನೊಮ್ಮೆ."

ಮತ್ತೆ ಹಾಕಿದೆ. ಬಸು ಪರದೆಗೆ ಬೆರಳಿಟ್ಟ. "ತುಟಿ ನೋಡು. ತುಟಿ ಎಷ್ಟು ಎಳದೈತಿ, ಕಣ್ಣು ಅಷ್ಟ ಮುಚ್ಚೈತಿ. ಅಂವ ಕಣ್ಣ ಹೊಡ್ಯಾಕತ್ತಿಲ್ಲಲೇ ದೋಸ್ತ. ಅದು ತಾನ ಮುಚ್ಚಾಕತ್ತೈತಿ. ಇಂವಗೂ ಆಗಿತ್ತು!"

ಸೀಟಿಯ ದೃಶ್ಯ ಹಾಕಿಸಿದ. ಅಲ್ಲೂ ತುಟಿ ಮುಂದೆ ಬಂದಾಗ ಎಡಗಣ್ಣು ಕಿರಿದಾಗುತ್ತಿತ್ತು. ಹಣೆಯ ಎಡಭಾಗದಲ್ಲಿ ನೆರಿಗೆಯೂ ಕಡಿಮೆ. ನಾವು ಅಷ್ಟು ಸಲ ನೋಡಿದ್ದೆವು, ಕಂಡಿರಲಿಲ್ಲ. ಮುಖ ಅಲುಗಿಸದೆ ನಗಿಸುವುದನ್ನು ಅವನ ಶೈಲಿ ಎಂದುಕೊಂಡಿದ್ದೆವು. ಅದು ಶೈಲಿಯೋ, ಅಡಗಿಸಿಕೊಂಡ ನೋವೋ, ಅಥವಾ ನೋವನ್ನೇ ಪಳಗಿಸಿ ಶೈಲಿ ಮಾಡಿಕೊಂಡನೋ. ನಿಜವೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹಾಸ್ಯನಟರನ್ನು ಯಾರು ಕೂರಿಸಿಕೊಂಡು ಇಂಥದ್ದೆಲ್ಲ ಕೇಳುತ್ತಾರೆ ಹೇಳಿ? ಬಸೂಗೆ ಮಾತ್ರ ಅನುಮಾನವಿರಲಿಲ್ಲ. ಅವನು ಕನ್ನಡಿಯನ್ನು ತಿರುಗಿಸಿ, ಪಾಪಣ್ಣನ ಮುಖದ ಪಕ್ಕದಲ್ಲಿ ತನ್ನ ಮುಖವಿಟ್ಟು ನಕ್ಕ. ಎರಡು ಎಡಗಣ್ಣುಗಳು ಒಟ್ಟಿಗೆ ಮುಚ್ಚಿದವು.

"ಇಡೀ ಕರ್ನಾಟಕದ ಮುಂದ ನಕ್ಕಾನಲೇ ಇಂವ. ನನ್ನ ಮುಂದ ಒಂದು ಕ್ಲಾಸ್ ಕುಂತಿರ್ತೈತಿ ಅಷ್ಟ."

ಡೆಮೊ ದಿನ ರಜೆ ಹಾಕಿ ನಾನೂ ಕೊನೆಯ ಬೆಂಚಿನಲ್ಲಿ ಕುಳಿತಿದ್ದೆ. ಬಾಗಿಲಲ್ಲಿ ಮಾಲೀಕ ಕೈಕಟ್ಟಿ ನಿಂತಿದ್ದ. ಬಸು ಬೋರ್ಡಿನ ಮೇಲೆ ಏನೂ ಬರೆಯದೆ, ಹುಡುಗರ ಕಡೆ ತಿರುಗಿ ತೆಲುಗಿನಲ್ಲಿ ಹೇಳಿದ್ದು ಇಷ್ಟು: "ಪಾಠಕ್ಕೆ ಮೊದಲು ಒಂದು ಮಾತು. ನನ್ನ ಮುಖಕ್ಕೆ ಕಾಯಿಲೆ ಬಂದು ವಾಸಿಯಾಗಿದೆ. ನಾನು ನಕ್ಕರೆ ಈ ಎಡಗಣ್ಣು ತಾನಾಗಿ ಮುಚ್ಚುತ್ತದೆ. ತನ್ನನ್ನು ನೋಡಿ ಮುಚ್ಚಿತು ಎಂದು ಯಾರೂ ಸಿಟ್ಟಾಗಬೇಡಿ. ಯಾರೂ ಆಸೆಯನ್ನೂ ಇಟ್ಟುಕೊಳ್ಳಬೇಡಿ."

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕಿಸಕ್ಕೆಂದಳು. ಇಡೀ ಕ್ಲಾಸು ನಕ್ಕಿತು. ಬಸೂನೂ ನಕ್ಕ. ಹೇಳಿದ ಹಾಗೆಯೇ ಕಣ್ಣು ಮುಚ್ಚಿತು. ಕ್ಲಾಸು ಇನ್ನೂ ಜೋರಾಗಿ ನಕ್ಕಿತು. ಪಾಠ ಮುಗಿದಾಗ ಯಾರೂ ಪಕ್ಕದ ಕಟ್ಟಡಕ್ಕೆ ಹೋಗಲಿಲ್ಲ. ಹೆಸರು ಬರೆಸಲು ಸಾಲು ನಿಂತರು. ಮಾಲೀಕ ಬಾಗಿಲಿಂದ ಸರಿದು ದಾರಿ ಬಿಟ್ಟ.

ಶಾಂತಾಬಾಯಿ ಈಗಿಲ್ಲ. ಆ ಡಿಸ್ಕು ಕೊನೆಗೆ ಪೂರ್ತಿ ನಿಂತೇಹೋಯಿತು, ಇನ್ನೊಂದು ಸಿಗಲಿಲ್ಲ. ಬಸು ಈಗಲೂ ಇದೇ ಊರಿನಲ್ಲಿ ಪಾಠ ಮಾಡುತ್ತಾನೆ. ಪ್ರತಿ ಡೆಮೊದಲ್ಲೂ ಅದೇ ಮಾತಿನಿಂದ ಶುರು ಮಾಡುತ್ತಾನೆ.

ಚಹಾ ಚೆಲ್ಲಿದ ಅಂಗಿಯಲ್ಲೇ ಅವನಿಗೆ ವಿಡಿಯೊ ಕಾಲ್ ಮಾಡಿದೆ. ನನ್ನ ಮುಖ ನೋಡಿದ್ದೇ ಗಾಬರಿಯಾಗಿ, "ಏನಾತಲೇ ಮಾರಿಗೆ?" ಎಂದ. ಹಲ್ಲಿನ ಕಥೆ ಹೇಳಿದೆ. ಮೇಷ್ಟರ ಗತ್ತಿನಲ್ಲಿ ಅಪ್ಪಣೆಯಾಯಿತು: "ಪಂಪ್ ಪಾಪಣ್ಣ ಅನ್ನು ನೋಡೋಣ."

"ಫಂಫ್ ಫಾಫಣ್ಣ," ಎಂದೆ.

ಬಸು ನಕ್ಕ. ಫೋನಿನ ಪರದೆಯ ತುಂಬ ಅವನ ಮುಖ, ಮುಚ್ಚಿದ ಎಡಗಣ್ಣು. ಅದನ್ನು ನೋಡುತ್ತ ನನಗನ್ನಿಸಿತು, ಈ ನಗುವನ್ನು ಇವನಿಗೆ ಕೊಟ್ಟದ್ದು ಹೆಸರೇ ಯಾರಿಗೂ ನೆನಪಿಲ್ಲದ ಒಬ್ಬ ನಟ. ಇನ್ನು ಮೇಲೆ ಯಾರಾದರೂ ಹಾಸ್ಯನಟರ ಬಗ್ಗೆ ಹಗುರವಾಗಿ ಮಾತಾಡಿದರೆ ಬರಿಯ ಜಗಳವಾಡುವುದಿಲ್ಲ. ಕೂರಿಸಿಕೊಂಡು ಈ ಕಥೆಯನ್ನು ಪೂರ್ತಿ ಹೇಳುತ್ತೇನೆ. ಇವತ್ತು ನಿಮ್ಮಿಂದ ಶುರು ಮಾಡಿದ್ದೇನೆ.

"ಕನ್ನಡಿ ತಗೊಂಡ ಬಾ," ಎಂದ ಬಸು. "ನಾನೂ ಮಾಡ್ತೀನಿ ಜೋಡಿ. ಒಬ್ಬನ ಮಾಡಾಕ ನಾಚಿಕಿ ಆಕ್ಕತಿ ನಿನಗ."

ಇನ್ನೊಂದು ತಾಸಿಗೆ ತಾನಾಗಿ ಸರಿಹೋಗುವ ತುಟಿ ಅದು. ಆದರೂ ನಾನು ಎದ್ದು ಹೋಗಿ ಕನ್ನಡಿ ತಂದೆ.