ಬಾಯಿಪಾಠದ ಪರೀಕ್ಷೆ

ಕನಕಪುರದ ನಮ್ಮ ಚರ್ಚಿನ ಮಕ್ಕಳ ದಳಕ್ಕೆ ನಾನು ಬಹಳ ವರ್ಷ ಲೀಡರ್ ಆಗಿದ್ದೆ. ಶನಿವಾರ ಶಾಲೆಯಲ್ಲಿ ಪಾಠ ಮಾಡಿ ಮುಗಿಸಿ ಸೀದಾ ಚರ್ಚಿಗೆ ಹೋಗುತ್ತಿದ್ದೆ. ಹಿಂದಿನ ಹೊಂಗೆ ಮರದ ಕೆಳಗೆ ಮಕ್ಕಳಿಗೆ ಹಗ್ಗದ ಗಂಟು, ಗಾಯಕ್ಕೆ ಪಟ್ಟಿ ಕಟ್ಟುವುದು, ಒಂದೇ ಕಡ್ಡಿಯಲ್ಲಿ ಒಲೆ ಹೊತ್ತಿಸುವುದು, ಇವನ್ನೆಲ್ಲ ಕಲಿಸುತ್ತಿದ್ದೆ. ಸ್ಕೌಟಿನ ಹಾಗೆಯೇ, ಜೊತೆಗೆ ಪ್ರಾರ್ಥನೆ ಮತ್ತು ವೇದಪಾಠ.

ದಳದಲ್ಲಿ ಎಲ್ಲಕ್ಕಿಂತ ದೊಡ್ಡ ಪದಕ ಚಿನ್ನದ ಶಿಲುಬೆ. ಹಿತ್ತಾಳೆಗೆ ಚಿನ್ನದ ನೀರು ಕುಡಿಸಿದ್ದು, ಹೆಬ್ಬೆರಳಿನ ಉಗುರಿನಷ್ಟಿರುತ್ತದೆ. ಹದಿನಾರನೇ ವಯಸ್ಸಿನಲ್ಲಿ ನನಗೆ ಅದು ಸಿಕ್ಕಿತ್ತು. ಆಗಿನ ನಿಯಮಗಳು ಬಿಗಿ. ಬಾವಿಯಲ್ಲಿ ಈಜಿ ತೋರಿಸಬೇಕು, ಎರಡು ದಿನ ಬೆಟ್ಟಗಾಡಿನಲ್ಲಿ ನಡೆಯಬೇಕು, ಒಂದು ವರ್ಷ ಯಾವುದಾದರೂ ಸೇವೆ ಮಾಡಬೇಕು, ಕೊನೆಗೆ ಮೂವರು ಪರೀಕ್ಷಕರ ಮುಂದೆ ನಿಂತು ಬೈಬಲಿನ ಹತ್ತು ಅಧ್ಯಾಯಗಳನ್ನು ಬಾಯಿಪಾಠ ಒಪ್ಪಿಸಬೇಕು. ಪದಕ ಬಂದ ದಿನ ಅಪ್ಪ ನನ್ನನ್ನು ರಾಮನಗರದ ಸ್ಟುಡಿಯೋಗೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿದ್ದರು.

ನಾನು ಲೀಡರ್ ಆದ ಮೇಲೆ ನಿಯಮಗಳು ಒಂದೊಂದಾಗಿ ಸಡಿಲವಾದವು. ತಂದೆತಾಯಿಗಳು ಹೆದರುತ್ತಾರೆ ಎಂದು ಈಜು ಬಿಟ್ಟರು. ಎರಡು ದಿನದ ನಡಿಗೆ ಒಂದು ದಿನದ್ದಾಯಿತು. ದಳದ ಕೇಂದ್ರ ಕಚೇರಿಯಿಂದ ಪ್ರತಿ ಸಲ ಸುತ್ತೋಲೆ ಬಂದಾಗಲೂ ನಾನು ನಮ್ಮ ಪಾದ್ರಿ ಅಯ್ಯನವರ ಹತ್ತಿರ ಗೊಣಗಾಡುತ್ತಿದ್ದೆ. "ಇನ್ನೇನು ಅಯ್ಯನವರೇ, ಅಂಗಡಿಯಲ್ಲಿ ಬಿಸ್ಕೆಟ್ ಕೊಟ್ಟ ಹಾಗೆ ಕೊಟ್ಟುಬಿಡಲಿ." ಅವರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಹಳೆಯ ಬಿಗಿಯಲ್ಲೇ ಉಳಿದಿದ್ದ ಪರೀಕ್ಷೆ ಬಾಯಿಪಾಠವೊಂದೇ. ಅದನ್ನಂತೂ ಬಿಡಬಾರದೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ.

ದೊಡ್ಡಆಲಹಳ್ಳಿ ಕಡೆಯಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಹತ್ತು ವರ್ಷದವಳಾಗಿದ್ದಾಗ ಅವಳ ತಾಯಿ ಬಸ್ಸಿನಲ್ಲಿ ಕರೆತಂದು ಸೇರಿಸಿದ್ದು. ಹುಡುಗಿಗೆ ತೊದಲು. ಮಾತಿನ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡು ಕತ್ತಿನ ನರ ಉಬ್ಬುತ್ತಿತ್ತು. ಹಾಗಾಗಿ ಮಾತು ಕಡಿಮೆ, ಕೆಲಸ ಹೆಚ್ಚು. ಅವಳು ಹಾಕಿದ ಗಂಟು ಜಾರುತ್ತಿರಲಿಲ್ಲ. ಬೆಟ್ಟ ಹತ್ತುವಾಗ ಚಿಕ್ಕ ಮಕ್ಕಳ ಚೀಲ ಇವಳ ಹೆಗಲಿಗೇ ಬರುತ್ತಿತ್ತು.

ಚಿನ್ನದ ಶಿಲುಬೆಗೆಂದು ಅವಳು ಆರಿಸಿಕೊಂಡ ಸೇವೆ ನಮ್ಮೆಲ್ಲರಿಗೂ ಆಶ್ಚರ್ಯ ತಂದಿತು. ಚರ್ಚಿನ ಸಮಾಧಿಭೂಮಿಯಲ್ಲಿ ಹಳೆಯ ಕಲ್ಲುಗಳು ಬಿದ್ದು, ಯಾರ ಗೋರಿ ಯಾವುದೆಂದು ಗೊತ್ತಾಗದ ಹಾಗಾಗಿತ್ತು. ಇವಳು ಲಂಟಾನ ಕಡಿದಳು, ಕಲ್ಲು ತೊಳೆದಳು, ಸವೆದ ಅಕ್ಷರಗಳ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಹೆಸರು ಎಬ್ಬಿಸಿದಳು. ಕಲ್ಲೇ ಇಲ್ಲದ ಗೋರಿಗಳಿಗೆ ಮನೆಮನೆಗೆ ಹೋಗಿ ಕೇಳಿದಳು. ಒಂದು ವಾಕ್ಯ ಹೇಳಲು ಒದ್ದಾಡುವ ಹುಡುಗಿ ಗುರುತಿಲ್ಲದ ಬಾಗಿಲುಗಳನ್ನು ತಟ್ಟಿ, "ನಿ-ನಿಮ್ಮಜ್ಜಿನ ಎಲ್ಲಿ ಮಣ್ಣು ಮಾಡಿದ್ರು?" ಎಂದು ಕೇಳುತ್ತಾ ಒಂದು ವರ್ಷ ತಿರುಗಿದಳು. ಎಲ್ಲವನ್ನೂ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಳು.

ಬಾಯಿಪಾಠದ ದಿನ ಪರೀಕ್ಷಕರಾಗಿ ಕೂತವರು ಅಯ್ಯನವರು, ರಾಮನಗರದಿಂದ ಬಂದ ಒಬ್ಬ ಹಿರಿಯ ಲೀಡರಮ್ಮ, ಮತ್ತು ನಾನು. ತಡವರಿಸದೆ ಒಪ್ಪಿಸಬೇಕು, ಮೂರು ಸಲಕ್ಕಿಂತ ಹೆಚ್ಚು ಮುಂದಿನ ಪದ ಎತ್ತಿಕೊಡುವಂತಿಲ್ಲ ಎಂಬುದು ನಿಯಮ. ಹುಡುಗಿ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಬಂದು ನಿಂತಳು. ಮೊದಲ ವಾಕ್ಯದ ಮೊದಲ ಅಕ್ಷರದಲ್ಲೇ ನಿಂತುಬಿಟ್ಟಳು. ಕಣ್ಣು ಮುಚ್ಚಿ ಮತ್ತೆ ಶುರು ಮಾಡಿದಳು. ನಾಲ್ಕು ವಾಕ್ಯ ಬರುವಷ್ಟರಲ್ಲಿ ಬೆವರಿನಿಂದ ಅವಳ ಕಾಲರ್ ಒದ್ದೆಯಾಗಿತ್ತು.

ಲೀಡರಮ್ಮ ನನ್ನ ಕಡೆ ಬಾಗಿ, "ಪಾಠ ಬತ್ತದೆ ಕಣಮ್ಮ ಅವಳಿಗೆ. ಪೇಪರ್ ಕೊಡಿ, ಬರೀಲಿ" ಎಂದರು.

ಅಯ್ಯನವರು, "ಅವಳನ್ನ ಬೆಳೆಸಿದವರು ನೀವು. ನೀವೇ ಹೇಳಿ" ಎಂದರು.

ನಾನು ಹೇಳಿದೆ: "ನಿಯಮದಲ್ಲಿ ಬರೆಯೋದು ಅಂತ ಇಲ್ಲ. ಇದನ್ನೂ ಬಿಟ್ಟರೆ ಪದಕಕ್ಕೆ ಏನು ಬೆಲೆ?"

ಮೆಲ್ಲಗೆ ಹೇಳಿದೆನೆಂದುಕೊಂಡಿದ್ದೆ. ಅವಳಿಗೆ ಕೇಳಿಸಿತು. ನಮ್ಮ ಮೂವರನ್ನೂ ನೋಡಿ, "ಆ-ಆಯ್ತು ಟೀಚರ್" ಎಂದಳು. ಆ ನಾಲ್ಕು ವಾಕ್ಯ ಬಿಟ್ಟರೆ ಹತ್ತು ಅಧ್ಯಾಯಗಳೂ ಅವಳೊಳಗೇ ಇದ್ದವು. ನಾವು ಕೇಳಲೇ ಇಲ್ಲ.

ಆಮೇಲೆ ಎರಡು ಶನಿವಾರ ಬಂದಳು. ಸಮಾಧಿಭೂಮಿಯಲ್ಲಿ ಉಳಿದಿದ್ದ ಒಂದು ಸಾಲನ್ನು ಮುಗಿಸಿ, ನೋಟ್‌ಬುಕ್ಕನ್ನು ಅಯ್ಯನವರ ಮೇಜಿನ ಮೇಲಿಟ್ಟು ಹೋದಳು. ಮತ್ತೆ ಬರಲಿಲ್ಲ.

ಅವಳ ತಾಯಿ ಒಂದು ದಿನ ಶಾಲೆಯ ಗೇಟಿನ ಹತ್ತಿರ ನನಗಾಗಿ ಕಾದಿದ್ದರು. "ನನ್ ಮಗ್ಳಿಗೆ ಮಾತು ಸಲೀಸಾಗಿ ಬರಾಕಿಲ್ಲ ಅನ್ನದು ನಿಮ್ಗೆ ಗೊತ್ತಿರ್ನಿಲ್ವಾ ಟೀಚರಮ್ಮ? ಆರು ವರ್ಸದಿಂದ ನಿಮ್ತಾವೇ ಬತ್ತಿತ್ತಲ್ಲ ಮಗ. ಮೊದ್ಲೇ ಒಂದ್ಮಾತು ಅಂದಿದ್ರೆ ನಾವೇ ಬ್ಯಾಡ ಅಂದ್ಬುಡ್ತಿದ್ದೋ."

"ನಿಯಮ ಎಲ್ಲರಿಗೂ ಒಂದೇ ಕಣಮ್ಮ" ಎಂದೆ. ಆಕೆ ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಐದು ವರ್ಷ ಕಳೆಯಿತು. ಹೋದ ವರ್ಷ ಹೊಸ ನಿಯಮಗಳು ವಾಟ್ಸಾಪಿನಲ್ಲಿ ಬಂದವು. ಬಾಯಿಪಾಠವನ್ನು ಹೇಳಬಹುದು, ಹಾಡಬಹುದು, ಬರೆಯಬಹುದು. ಮಗುವಿಗೆ ಯಾವುದು ಸಾಧ್ಯವೋ ಅದನ್ನು ಲೀಡರ್ ತೀರ್ಮಾನಿಸಬಹುದು. ಓದಿದಾಗ ನನಗೆ ಮೊದಲು ಬಂದದ್ದು ಸಿಟ್ಟು.

ಆ ವರ್ಷ ನಮ್ಮಲ್ಲಿ ಒಬ್ಬ ಹುಡುಗ ಪರೀಕ್ಷೆಗೆ ಬಂದ. ಜನರೆದುರು ನಿಂತರೆ ನಡುಗುವ ಸ್ವಭಾವ. ಮೂಲೆಯಲ್ಲಿ ಕೂತು ಹತ್ತು ಅಧ್ಯಾಯಗಳನ್ನೂ ಬರೆದುಕೊಟ್ಟ. ಮಧ್ಯಾಹ್ನವಿಡೀ ಬರೆದ. ಹಾಳೆಗಳನ್ನು ತಿದ್ದುತ್ತಾ ಹೋದೆ. ಒಂದೇ ಒಂದು ಪದ ತಪ್ಪಿತ್ತು. ಅವನಿಗೆ ಪದಕ ಚುಚ್ಚುವಾಗ, ಇವನು ಕಲಿತದ್ದು ನಾನು ಕಲಿತದ್ದಕ್ಕಿಂತ ಒಂದು ಸಾಲು ಕೂಡ ಕಡಿಮೆಯಿಲ್ಲವಲ್ಲ ಅನ್ನಿಸಿತು. ಪಿನ್ನು ಬಟ್ಟೆಗೆ ಸರಿಯಾಗಿ ಹೋಗಲಿಲ್ಲ. ಅಯ್ಯನವರೇ ಬಂದು ಹಾಕಿದರು.

ಆ ಹುಡುಗಿಗೆ ಈಗಲಾದರೂ ಪದಕ ಕೊಡಲು ಆಗುತ್ತದೆಯೇ ಎಂದು ಕೇಂದ್ರಕ್ಕೆ ಪತ್ರ ಬರೆದೆ. ಎರಡು ಸಾಲಿನ ಉತ್ತರ ಬಂತು: ವಯಸ್ಸು ಮೀರಿದೆ, ಹಿಂದಿನ ಫಲಿತಾಂಶಗಳನ್ನು ಮರುಪರಿಶೀಲಿಸುವುದಿಲ್ಲ.

ಅವಳು ಚನ್ನಪಟ್ಟಣದಲ್ಲಿ, ಒಬ್ಬ ಮುಸ್ಲಿಂ ಯಜಮಾನರ ಬೊಂಬೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಾಳೆಂದು ತಿಳಿದು ಹೊರಟೆ. ನನ್ನ ಪದಕವನ್ನು ಕರ್ಚೀಫಿನಲ್ಲಿ ಸುತ್ತಿಕೊಂಡಿದ್ದೆ. ಅವಳು ತಿರುಗುವ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸುತ್ತಿದ್ದಳು. ಸಾಲು ಯಂತ್ರಗಳ ಗದ್ದಲ. ಆ ಗದ್ದಲದ ನಡುವೆ ಪಕ್ಕದವಳಿಗೆ ಏನೋ ಕೂಗಿ ಹೇಳುತ್ತಿದ್ದಳು, ಒಂದು ಅಕ್ಷರವೂ ತೊದಲದೆ. ಬಾಗಿಲಲ್ಲೇ ನಿಂತುಬಿಟ್ಟೆ.

ನನ್ನನ್ನು ಕಂಡು ಯಂತ್ರ ನಿಲ್ಲಿಸಿ ಹೊರಗೆ ಬಂದಳು. "ಟೀ-ಟೀಚರ್, ನೀವಾ?"

"ಅಲ್ಲಿ ಮಾತಾಡುವಾಗ ತೊದಲಲ್ಲವಲ್ಲೇ" ಎಂದೆ.

"ಸ-ಸದ್ದಿದ್ರೆ ತೊದಲು ಬರಲ್ಲ ಟೀಚರ್. ನನ್ ದನಿ ನಂಗೇ ಕೇಳಲ್ವಲ್ಲ."

ಹೊಸ ನಿಯಮದ ವಿಷಯ ಹೇಳಿದೆ. ಅವತ್ತು ನಾನು ಮಾಡಿದ್ದು ತಪ್ಪು ಎಂದೂ ಹೇಳಿದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳಲ್ಲಿ ಬಾಯಿಗೆ ಬಂದದ್ದು ಅಷ್ಟೇ. ಕರ್ಚೀಫು ಬಿಚ್ಚಿ ಪದಕ ಅವಳ ಮುಂದೆ ಹಿಡಿದೆ.

ಅವಳು ಕೈ ಚಾಚಲಿಲ್ಲ. ಬೆರಳೆಲ್ಲ ಹಳದಿ ಬಣ್ಣ. "ಅದು ನಿ-ನಿಮ್ದು ಟೀಚರ್. ನಂಗ್ಯಾಕೆ?"

"ಪಾಠ ನೆನಪಿದೆಯಾ?"

"ಇಲ್ಲ. ಅವತ್ತಿಂದ ಒಂ-ಒಂದಿನಾನೂ ಹೇಳ್ಕೊಂಡಿಲ್ಲ. ಬ-ಬಾಯಿಗೆ ಬಂದ್ರೆ ಬೇರೆ ಏನಾದ್ರೂ ಯೋಚ್ನೆ ಮಾಡ್ತಿದ್ದೆ. ಆಮೇಲೆ ಮರ್ತೋಯ್ತು." ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಯಜಮಾನರು ನನಗೆ ಕುರ್ಚಿ ಹಾಕಿಸಿ ಟೀ ತರಿಸಿದರು. "ಬಹುತ್ ಒಳ್ಳೆ ಹುಡ್ಗಿ ಮೇಡಂ, ಕೈ ತುಂಬಾ ಚೊಕ್ಕ" ಎಂದರು. ನಾನು ಟೀ ಮುಗಿಸುವ ಮೊದಲೇ ಅವಳು, "ಬ-ಬತ್ತೀನಿ ಟೀಚರ್, ಆರ್ಡರ್ ಐತೆ" ಎಂದು ಒಳಗೆ ಹೋದಳು.

ಮರುಶನಿವಾರ ನಡೆದದ್ದನ್ನೆಲ್ಲ ಅಯ್ಯನವರಿಗೆ ಹೇಳಿ, ಇನ್ನು ಮೇಲೆ ಪರೀಕ್ಷಕಳಾಗಿ ಕೂರುವುದಿಲ್ಲ ಎಂದೆ. ಅವರು, "ಪೇಪರ್ ಕೊಡಿ ಅಂತ ನಾನೂ ಹೇಳಬಹುದಿತ್ತು. ನಿಮ್ಮ ಮೇಲೆ ಹಾಕಿ ತಪ್ಪಿಸಿಕೊಂಡೆ" ಎಂದರು.

ಈಗ ದಳಕ್ಕೆ ಬೇರೆಯವರು ಲೀಡರ್. ಶಿಬಿರವಿದ್ದಾಗ ನಾನು ಅಡುಗೆಗೆ ಹೋಗುತ್ತೇನೆ. ಹುಡುಗಿಯ ತಾಯಿ ಕೆಲವೊಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತಾರೆ. "ಚೆನ್ನಾಗಿದ್ದೀರಾ ಟೀಚರಮ್ಮ?" ಎಂದು ಕೇಳುತ್ತಾರೆ. ಚೆನ್ನಾಗಿದ್ದೀನಿ ಅನ್ನುತ್ತೇನೆ. ಮಗಳ ವಿಷಯ ಅವರು ಎತ್ತುವುದಿಲ್ಲ, ಕೇಳಲು ನನಗೂ ಬಾಯಿ ಬರುವುದಿಲ್ಲ. ಬಸ್ ಬರುವವರೆಗೆ ಇಬ್ಬರೂ ಪಕ್ಕಪಕ್ಕದಲ್ಲೇ ನಿಂತಿರುತ್ತೇವೆ.