ಟವೆಲ್ಲಿನೊಳಗಿನ ಕೈ

ನಾನು ಮೊದಲ ಸಲ ಮನೆ ಬಿಟ್ಟು ಹೋದದ್ದು ಒಂದು ಸೋಮವಾರ, ಏಳನೇ ಕ್ಲಾಸಿನ ಗಣಿತ ಪರೀಕ್ಷೆಯ ದಿನ. ಆಮೇಲೆ ಕಾಲು ಎಲ್ಲೂ ನಿಂತಿಲ್ಲ. ಈಚೆಗೆ ಲಕ್ವದ ಬಗ್ಗೆ ಸಂಶೋಧನೆ ಮಾಡುವ ಡಾಕ್ಟರೊಬ್ಬರ ಮಿಷಿನ್ನು ಹೊತ್ತು ಮಂಡ್ಯದ ಸುತ್ತ ತಿರುಗುತ್ತಿದ್ದೆ. ಲಕ್ವ ಹೊಡೆದ ಕೈಯಲ್ಲಿ ಎಷ್ಟು ಬಲ ಉಳಿದಿದೆ ಎಂದು ಅದು ಅಳೆಯುತ್ತದೆ. ಬಲ ತೀರಾ ಕಮ್ಮಿಯಿದ್ದವರಿಗೆ ಮಾತ್ರ ಮನೆಗೇ ಬಂದು ವ್ಯಾಯಾಮ ಮಾಡಿಸುತ್ತಾರೆ.

ಕೆರಗೋಡಿನ ಗೌಡರೊಬ್ಬರಿಗೆ ಬಲಗೈ ಬಿದ್ದುಹೋಗಿತ್ತು. ಜಗಲಿ ತುಂಬ ದಾಯಾದಿಗಳು ನೋಡುತ್ತ ಕೂತಿದ್ದರು. ಗೌಡರು ಮಿಷಿನ್ನಿನ ಹಿಡಿಯ ಮೇಲೆ ಟವೆಲ್ ಹೊದಿಸಿ, ಒಳಗೆ ಎಡಗೈಯನ್ನೂ ತೂರಿಸಿ ಹಿಂಡಿದರು. ಡಾಕ್ಟರ ಕಣ್ಣು ಮಿಷಿನ್ನಿನಲ್ಲಿ ಏರುತ್ತಿದ್ದ ನಂಬರಿನ ಮೇಲಿತ್ತು.

"ನಿಜ ತೋರ್ಸ್ರೀ. ನಾಳೀಕೂ ತುತ್ತಿಕ್ಕೋಳು ನಾನೇಯ," ಎಂದು ಹೆಂಡತಿ ಪಿಸುಗುಟ್ಟಿದರು.

"ಸುಮ್ಕಿರಮ್ಮಿ. ಇವ್ರ ಮುಂದೆ ಕೈಲಾಗ್ದೋನು ಅನ್ನುಸ್ಕಳ್ಳಾ?"

"ಟವೆಲ್ ತೆಗೆಸಿ ಇನ್ನೊಂದು ಸಲ ಅಳೀರಿ ಸಾರ್," ಎಂದೆ.

"ನಂಬರು ಬಂತಲ್ಲಪ್ಪ. ಒಬ್ಬರಿಗೆ ಒಂದೇ ಸಲ, ಅದೇ ನಿಯಮ," ಎಂದು ಡಾಕ್ಟರು ಎದ್ದರು. ವ್ಯಾಯಾಮ ಬೇಕಿಲ್ಲ ಎಂದು ತೀರ್ಮಾನವಾಯಿತು. ಗೌಡರು ದಾಯಾದಿಗಳ ಕಡೆ ತಿರುಗಿ ಅರ್ಧ ಬಾಯಲ್ಲಿ ನಕ್ಕರು.

ಇವತ್ತು ಆ ಕೆಲಸವನ್ನೂ ಬಿಟ್ಟೆ. ಪರೀಕ್ಷೆಗೆ ಹೆದರಿ ಓಡಿದ ನಾನು ಎರಡೂ ಕೈಯಲ್ಲಿ ಚೀಲ ಕಟ್ಟುತ್ತಿದ್ದೇನೆ. ಪಾಸಾದ ಗೌಡರಿಗೆ ಈ ಹೊತ್ತು ಹೆಂಡತಿ ಮುದ್ದೆ ಮುರಿದು ಬಾಯಿಗಿಡುತ್ತಿರಬೇಕು.